ನೆರೆಧರ್ಮಗಳನ್ನು ಅರಿಯೋಣ: ಸುಲ್ತಾನ್ ಸಹಾಕ್ ಮತ್ತು ಸಮಪಾಲಿನ ಊಟ

(ಯುವಜನರ ಅಧ್ಯಯನ ಪಾಠ. ಓದಬೇಕಾದ ವಾಕ್ಯಭಾಗಗಳು: ಪ್ರೇಷಿತರ ಕಾರ್ಯಕಲಾಪಗಳು 10:1-35, ಫಿಲಿಪ್ಪಿಯರಿಗೆ 2:5-11, 1 ಕೊರಿಂಥಿಯರಿಗೆ 11:17-34)



ಇರಾಕ್ ದೇಶದ ಕ್ರೈಸ್ತರಿಗಾಗಿ ನಮ್ಮ ಬಲಿಪೂಜೆಯಲ್ಲಿ ಎಷ್ಟೋ ಸಲ ಪ್ರಾರ್ಥಿಸಿದ್ದೇವೆ. 2014ರ ಆಗಸ್ಟ್ 6ರ ರಾತ್ರಿ ಕರಾಕೋಶ್ ಪಟ್ಟಣದ ಕಥೋಲಿಕರು ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಓಡಿದ್ದು ನಮಗೆ ಗೊತ್ತು. 2021ರ ಮಾರ್ಚ್ 7ರಂದು ಜಗದ್ಗುರು ಪೋಪ್ ಫ್ರಾನ್ಸಿಸ್ ಅದೇ ಪಟ್ಟಣದ ಸುಟ್ಟು ರಿಪೇರಿಯಾದ ದೇವಾಲಯಕ್ಕೆ ಹೋಗಿ ಜನರನ್ನು ಸಂತೈಸಿದ್ದನ್ನೂ ಟಿವಿಯಲ್ಲಿ ನೋಡಿದ್ದೇವೆ. ಆದರೆ ಕರಾಕೋಶಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಇನ್ನೊಂದು ಸಣ್ಣ ಜನಾಂಗವೂ ಇತ್ತು, ಅವರೂ ಅದೇ ದಿನಗಳಲ್ಲಿ ಮನೆ ಬಿಟ್ಟರು, ಅವರ ಪುಣ್ಯಸ್ಥಳಗಳನ್ನೂ ಉಗ್ರರು ಸಿಡಿಸಿ ಕೆಡವಿದರು ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಆ ಜನರ ಹೆಸರು ಕಾಕಾಯಿಗಳು. ನಮ್ಮ ಕಡೆ ಕಾಕಾ ಎಂದರೆ ಚಿಕ್ಕಪ್ಪ. ಕುರ್ದಿ ಭಾಷೆಯಲ್ಲಿ ಕಾಕಾ ಎಂದರೆ ಅಣ್ಣ. ಒಬ್ಬರನ್ನೊಬ್ಬರು ಅಣ್ಣ ಎನ್ನುವವರು ಎಂಬುದು ಆ ಹೆಸರಿನ ಹುರುಳು.

ಗಡಿಯ ಆಚೆ ಇರಾನಿನಲ್ಲಿ ಇದೇ ಜನರನ್ನು ಯಾರ್ಸಾನ್ ಎಂದೂ ಅಹ್ಲೆ ಹಕ್ ಎಂದೂ ಕರೆಯುತ್ತಾರೆ. ಅಹ್ಲೆ ಹಕ್ ಎಂದರೆ ಸತ್ಯದ ಜನ. ರೇಷನ್ ಕಾರ್ಡಿನ ವಿಷಯದಲ್ಲಿ ನಾವು "ಇದು ನಮ್ಮ ಹಕ್ಕು" ಎನ್ನುತ್ತೇವಲ್ಲ, ಆ ಪದವೇ ಇದು. ಈ ಜನರಿಗೆ ಧರ್ಮದ ರೂಪ ಕೊಟ್ಟ ಗುರು ಸುಲ್ತಾನ್ ಸಹಾಕ್. ಈ ತಿಂಗಳ ಪಾಠ ಅವರ ಬಗ್ಗೆ.

ನಮ್ಮದಲ್ಲದ ಧರ್ಮದ ಬಗ್ಗೆ ಧರ್ಮಕೇಂದ್ರದ ಪತ್ರಿಕೆಯಲ್ಲಿ ಯಾಕೆ ಎಂದು ಕೇಳಬಹುದು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ "ನೋಸ್ತ್ರಾ ಎತಾತೆ" ಎಂಬ ಘೋಷಣೆಯನ್ನು ಹೊರಡಿಸಿತು. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಏನಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ, ಜೊತೆಗೆ ಕ್ರಿಸ್ತನನ್ನು ಸಾರುವುದನ್ನೂ ನಿಲ್ಲಿಸುವುದಿಲ್ಲ ಎಂಬ ಎರಡು ಮಾತನ್ನು ಅದು ಒಟ್ಟಿಗೆ ಹೇಳಿದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. "ಎಲ್ಲ ಒಂದೇ ಬಿಡಿ" ಎಂದು ಕೈತೊಳೆದುಕೊಳ್ಳುವವರು ನಮ್ಮಲ್ಲಿದ್ದಾರೆ, "ಅವೆಲ್ಲ ಕಟ್ಟುಕಥೆ" ಎಂದು ನಗುವವರೂ ಇದ್ದಾರೆ. ಇಬ್ಬರೂ ಕೇಳಿಸಿಕೊಳ್ಳುವ ಶ್ರಮದಿಂದ ತಪ್ಪಿಸಿಕೊಂಡವರೇ. ಆದ್ದರಿಂದ ಈ ಪಾಠವನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿದ್ದೇವೆ: ಚರಿತ್ರೆ ಏನು ಹೇಳುತ್ತದೆ? ಆ ಭಕ್ತರು ಏನು ಹೇಳುತ್ತಾರೆ? ಕ್ರಿಸ್ತನ ಮಕ್ಕಳಾದ ನಾವು ಏನು ಹೇಳುತ್ತೇವೆ? ಒಂದರ ಉತ್ತರವನ್ನು ಇನ್ನೊಂದಕ್ಕೆ ಬೆರೆಸಬಾರದು.

1. ಚರಿತ್ರೆ ಹೇಳುವುದು

ಇರಾನ್ ಮತ್ತು ಇರಾಕ್ ದೇಶಗಳ ಗಡಿಯಲ್ಲಿ ಹವ್ರಾಮಾನ್ ಎಂಬ ಬೆಟ್ಟಸೀಮೆ ಇದೆ. ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮನೆಗಳು, ಒಬ್ಬರ ಮಾಳಿಗೆಯೇ ಮೇಲಿನವರ ಅಂಗಳ. ಇರಾನಿನ ಕಡೆಯ ಹವ್ರಾಮಾನ್ 2021ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ ಸೀಮೆಯ ನಡುವೆ ಸೀರ್ವಾನ್ ನದಿ ಹರಿಯುತ್ತದೆ.

ಸುಲ್ತಾನ್ ಸಹಾಕ್ ಹುಟ್ಟಿದ್ದು ಈಗಿನ ಇರಾಕಿನ ಸುಲೈಮಾನಿಯಾ ಸೀಮೆಯ ಬರ್ಜಂಜ ಎಂಬ ಊರಿನಲ್ಲಿ. 14ನೇ ಶತಮಾನದ ಕೊನೆ ಮತ್ತು 15ನೇ ಶತಮಾನದ ಆರಂಭ ಅವರ ಕಾಲವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ತಂದೆ ಶೇಖ್ ಈಸಾ, ಸೂಫಿ ಪರಂಪರೆಯ ಮುಸ್ಲಿಮ್ ಗುರುಮನೆತನದವರು. ಈಸಾ ಎಂದರೆ ಅರಬಿಯಲ್ಲಿ ಯೇಸು. ಸಹಾಕ್ ಎಂಬುದು ಇಸ್ಹಾಕ್ ಎಂಬುದರ ರೂಪ, ಅಂದರೆ ನಮ್ಮ ಬೈಬಲಿನ ಇಸಾಕ. ತಾಯಿ ಖಾತೂನ್ ದಾಯೆರಾಕ್ ಕುರ್ದಿ ಬುಡಕಟ್ಟಿನ ಒಬ್ಬ ನಾಯಕನ ಮಗಳು.

ತಂದೆ ತೀರಿಕೊಂಡ ಮೇಲೆ ಆಸ್ತಿಯ ವಿಷಯದಲ್ಲಿ ಮಲಸಹೋದರರ ಜೊತೆ ಜಗಳವಾಯಿತು ಎಂದು ಪರಂಪರೆ ಹೇಳುತ್ತದೆ. ಸಹಾಕ್ ಹುಟ್ಟೂರು ಬಿಟ್ಟು ಸೀರ್ವಾನ್ ದಂಡೆಯ ಶೇಖಾನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಆದಿಕಾಂಡದ 26ನೇ ಅಧ್ಯಾಯದಲ್ಲಿ ನಮ್ಮ ಇಸಾಕನೂ ಬಾವಿಗಳಿಗಾಗಿ ಹೊಡೆದಾಡದೆ ಒಂದೊಂದನ್ನೇ ಬಿಟ್ಟುಕೊಟ್ಟು ಮುಂದೆ ಹೋದದ್ದು ನೆನಪಾಗುತ್ತದೆ. ಶೇಖಾನ್ ಬಳಿಯ ಪರ್ದಿವರ್ ಎಂಬ ಸ್ಥಳ ಆ ಜನರಿಗೆ ಅತ್ಯಂತ ಪವಿತ್ರ. ಕುರ್ದಿಯಲ್ಲಿ ಪರ್ದ್ ಎಂದರೆ ಸೇತುವೆ. ನದಿ ದಾಟುವ ಜಾಗದಲ್ಲಿ ಹೊಸ ಸಮುದಾಯದ ಒಡಂಬಡಿಕೆ ಆಯಿತು. ಸುಲ್ತಾನರ ಸಮಾಧಿಯೂ ಅಲ್ಲೇ ಇದೆ.

ಇಂದು ಅವರ ಅನುಯಾಯಿಗಳು ಹೆಚ್ಚಾಗಿ ಇರಾನಿನ ಕೆರ್ಮಾನ್‌ಶಾ ಪ್ರಾಂತದ ಸಹ್ನೆ, ಕೆರೆಂದ್, ಗಹ್ವಾರೆ ಮೊದಲಾದ ಕಡೆ, ಇರಾಕಿನಲ್ಲಿ ಕಿರ್ಕುಕ್, ಹಲಬ್ಜಾ, ನಿನೆವೆ ಬಯಲಿನ ಹಳ್ಳಿಗಳಲ್ಲಿ ಇದ್ದಾರೆ. 1979ರ ಇರಾನ್ ಸಂವಿಧಾನ ಮುಸ್ಲಿಮೇತರ ಅಲ್ಪಸಂಖ್ಯಾತರೆಂದು ಒಪ್ಪಿರುವುದು ಜರತುಷ್ಟ್ರ ಧರ್ಮದವರು, ಯೆಹೂದ್ಯರು ಮತ್ತು ಕ್ರೈಸ್ತರನ್ನು ಮಾತ್ರ. ಯಾರ್ಸಾನರಿಗೆ ಅಲ್ಲಿ ಹೆಸರಿಲ್ಲ. ಸರ್ಕಾರಿ ಕಾಗದದಲ್ಲಿ ನಿಜವಾದ ಧರ್ಮ ಬರೆದರೆ ಕೆಲಸ ಹೋಗಬಹುದು, ಬರೆಯದಿದ್ದರೆ ಸತ್ಯದ ಜನ ಎಂಬ ಹೆಸರಿಗೇ ಸುಳ್ಳು. ಈ ಇಕ್ಕಟ್ಟು ಎಂಥದೆಂದು, ಅರ್ಜಿಯ "ಧರ್ಮ" ಎಂಬ ಕಾಲಮಿನ ಮುಂದೆ ಒಂದು ಗಳಿಗೆ ಪೆನ್ನು ನಿಲ್ಲಿಸಿದ ಯಾವ ಅಲ್ಪಸಂಖ್ಯಾತನಿಗೂ ಗೊತ್ತಾಗುತ್ತದೆ.

2. ಭಕ್ತರು ಹೇಳುವುದು

ಆದಿಯಲ್ಲಿ ದೇವರು ಒಂದು ಮುತ್ತಿನೊಳಗೆ ಇದ್ದನು, ಹೊರಗೆ ಬಂದು ಏಳು ಮಂದಿ ದಿವ್ಯರನ್ನು ಉಂಟುಮಾಡಿ ಅವರೊಂದಿಗೆ ಒಡಂಬಡಿಕೆ ಮಾಡಿಕೊಂಡನು ಎಂದು ಅವರ ನಂಬಿಕೆ. ದೇವರು ಯುಗಯುಗದಲ್ಲಿ ಮನುಷ್ಯರೂಪದಲ್ಲಿ ತೋರಿಬರುತ್ತಾನೆ, ಏಳು ಮಂದಿಯೂ ಜೊತೆಗೆ ಬರುತ್ತಾರೆ. ಸೃಷ್ಟಿಕರ್ತನಾಗಿ, ಆಮೇಲೆ ಪ್ರವಾದಿ ಮಹಮ್ಮದರ ಅಳಿಯ ಅಲಿಯಾಗಿ, ಆಮೇಲೆ ಶಾ ಖೋಶೀನ್ ಆಗಿ ತೋರಿದವನೇ ನಾಲ್ಕನೆಯದಾಗಿ ಸುಲ್ತಾನ್ ಸಹಾಕ್ ಆಗಿ ಬಂದನು. ಆಗಲೇ ಸತ್ಯದ ಯುಗ ತೆರೆಯಿತು ಎನ್ನುತ್ತಾರೆ. ಅಂದರೆ ಅವರಿಗೆ ಸುಲ್ತಾನರು ಬರಿಯ ಗುರುವಲ್ಲ. ಏಳು ಮಂದಿಯಲ್ಲಿ ಬೆನ್ಯಾಮೀನ್, ದಾವೂದ್, ಪೀರ್ ಮೂಸಿ ಎಂಬ ಹೆಸರುಗಳನ್ನು ಕೇಳಿದರೆ ಹಳೆಯ ಒಡಂಬಡಿಕೆ ಓದಿದವರಿಗೆ ಬೆನ್ಯಾಮೀನ, ದಾವೀದ, ಮೋಶೆ ನೆನಪಾಗದೆ ಇರುವುದಿಲ್ಲ. ಏಳರಲ್ಲಿ ಒಬ್ಬಳು ಹೆಣ್ಣು, ಹೆಸರು ರಜ್‌ಬಾರ್. ಸುಲ್ತಾನರ ತಾಯಿಯಾಗಿ ಬಂದವಳು ಅವಳೇ ಎನ್ನುತ್ತಾರೆ.

ಅವರ ಕಥೆಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು ಗುಹೆಯ ಕಥೆ. ಮಲಸಹೋದರರು ಚಿಚಕ್ ಎಂಬ ಬುಡಕಟ್ಟಿನ ದಂಡನ್ನು ಕಟ್ಟಿಕೊಂಡು ಬೆನ್ನಟ್ಟಿದರು. ಸುಲ್ತಾನರು ಕೆಲವೇ ಸಂಗಡಿಗರೊಂದಿಗೆ ಗುಹೆಯೊಂದನ್ನು ಹೊಕ್ಕು ಮೂರು ದಿನ ಅನ್ನವಿಲ್ಲದೆ ಕುಳಿತರು. ಮೂರನೆಯ ದಿನ ಬಿರುಗಾಳಿ ಎದ್ದು ದಂಡು ಚೆದರಿತು. ಇದರ ನೆನಪಿಗೆ ಯಾರ್ಸಾನರು ಚಳಿಗಾಲದಲ್ಲಿ ಮೂರು ದಿನ ಉಪವಾಸ ಮಾಡಿ ಆಮೇಲೆ ಹಬ್ಬ ಮಾಡುತ್ತಾರೆ.

ಎರಡನೆಯದನ್ನು ಓದಿದಾಗ ನಾವು ಬೆರಗಾದೆವು. ಪೀರ್ ಮೀಕಾಯಿಲ್ ಎಂಬ ಸಿದ್ಧಪುರುಷ ತನ್ನ ಬಲ ತೋರಿಸಲು ಸಿಂಹದ ಮೇಲೆ ಕುಳಿತು, ಹಾವನ್ನೇ ಚಾವಟಿ ಮಾಡಿಕೊಂಡು ಸುಲ್ತಾನರನ್ನು ನೋಡಲು ಬಂದನಂತೆ. ಸುಲ್ತಾನರು ದಾವೂದನಿಗೆ ಎದುರುಗೊಳ್ಳಲು ಹೇಳಿದರು. ದಾವೂದ್ ಒಂದು ಗೋಡೆಯ ಮೇಲೆ ಕುಳಿತನು, ಗೋಡೆಯೇ ಕುದುರೆಯಂತೆ ನಡೆಯಿತು. ಪ್ರಾಣಿಯನ್ನು ಪಳಗಿಸಿದವನು ಕಲ್ಲನ್ನು ನಡೆಸಿದವನ ಮುಂದೆ ತಲೆಬಾಗಿದನು. ಎಲ್ಲೋ ಕೇಳಿದಂತಿದೆಯಲ್ಲವೇ? ಹುಲಿಯ ಮೇಲೆ ಬಂದ ಚಾಂಗದೇವರನ್ನು ಜ್ಞಾನೇಶ್ವರರು ಒಡಹುಟ್ಟಿದವರೊಂದಿಗೆ ಗೋಡೆಯ ಮೇಲೆ ಕುಳಿತು ಎದುರುಗೊಂಡ ಕಥೆಯನ್ನು ನಮ್ಮ ಸೊಲ್ಲಾಪುರ ಸೀಮೆಯಲ್ಲಿ ಮರಾಠಿ ನೆರೆಮನೆಯವರು ಮಕ್ಕಳಿಗೆ ಹೇಳುತ್ತಾರೆ. ತುರ್ಕಿಯಲ್ಲಿ ಹಾಜಿ ಬೆಕ್ತಾಶ್ ಎಂಬ ಸಂತನ ಬಗ್ಗೆಯೂ ಇದೇ ಕಥೆ ಇದೆ. ಫಕೀರರು, ವ್ಯಾಪಾರಿಗಳು ನಡೆದ ದಾರಿಯಲ್ಲಿ ಕಥೆಗಳೂ ನಡೆಯುತ್ತವೆ. ಗೋಡೆ ನಿಜವಾಗಿ ನಡೆಯಿತೇ ಎಂದು ವಿಜ್ಞಾನದ ವಿದ್ಯಾರ್ಥಿಗಳಂತೆ ಪಟ್ಟು ಹಿಡಿದರೆ ಕಥೆಯ ಮಾತು ಕೈತಪ್ಪುತ್ತದೆ. ಪವಾಡದ ಬಲವನ್ನು ಮೆರೆಸಿಕೊಂಡು ಬಂದವನು ದೊಡ್ಡವನಲ್ಲ ಎಂಬುದು ಅದರ ಮಾತು. ಮತ್ತಾಯನ 4ನೇ ಅಧ್ಯಾಯದಲ್ಲಿ ದೇವಾಲಯದ ಶಿಖರದಿಂದ ಧುಮುಕಲು ಒಪ್ಪದ ಯೇಸುಸ್ವಾಮಿಯನ್ನು ಬಲ್ಲವರಿಗೆ ಈ ಮಾತು ಹೊಸದೇನಲ್ಲ.

ಇನ್ನು ಅವರ ಬಾಳಿನ ನಿಯಮ. ನಾಲ್ಕು ಪದಗಳಲ್ಲಿ ಅದನ್ನು ಹೇಳುತ್ತಾರೆ: ಪಾಕಿ, ರಾಸ್ತಿ, ನೀಸ್ತಿ, ರೆದಾ. ಪಾಕಿ ಎಂದರೆ ಶುದ್ಧಿ, ರಾಸ್ತಿ ಎಂದರೆ ನೇರ ನಡೆ, ನೀಸ್ತಿ ಎಂದರೆ "ನಾನು" ಇಲ್ಲವಾಗುವುದು, ರೆದಾ ಎಂದರೆ ಪರರಿಗಾಗಿ ತನ್ನದನ್ನು ಬಿಟ್ಟುಕೊಡುವುದು. ಮಗು ಹುಟ್ಟಿದ ಮೇಲೆ ಅದನ್ನು ಗುರುಮನೆತನವೊಂದಕ್ಕೆ ಒಪ್ಪಿಸುತ್ತಾರೆ. ಈ ಸಂಸ್ಕಾರಕ್ಕೆ ತಲೆಯನ್ನು ಒಪ್ಪಿಸುವುದು ಎಂದೇ ಹೆಸರು. ತಲೆಯ ಬದಲಾಗಿ ಒಂದು ಜಾಯಿಕಾಯಿಯನ್ನು ಒಡೆಯುತ್ತಾರೆ.

ಅವರ ಆರಾಧನೆಯ ಕೂಟಕ್ಕೆ ಜಮ್ ಎಂದು ಹೆಸರು. ನಾವು ಜನ "ಜಮಾಯಿಸಿದರು" ಎನ್ನುವ ಪದದ ಮೂಲವೂ ಅದೇ. ಸೊಂಟಕ್ಕೆ ಪಟ್ಟಿ ಕಟ್ಟಿ, ತಲೆಗೆ ಟೋಪಿ ಇಟ್ಟು ವೃತ್ತವಾಗಿ ಕುಳಿತುಕೊಳ್ಳುತ್ತಾರೆ. ಒಬ್ಬ ತಂಬೂರ್ ನುಡಿಸುತ್ತಾ ಕಲಾಮ್ ಹಾಡುತ್ತಾನೆ, ಉಳಿದವರು ದನಿಗೂಡಿಸುತ್ತಾರೆ. ಕಲಾಮುಗಳ ಮುಖ್ಯ ಸಂಗ್ರಹಕ್ಕೆ ಸರಂಜಾಮ್ ಎಂದು ಹೆಸರು. ನಮಗೆ ಸರಂಜಾಮು ಎಂದರೆ ಸಾಮಾನು, ಸಲಕರಣೆ. ಮೂಲ ಪಾರಸಿಯಲ್ಲಿ ಅದಕ್ಕೆ ನೆರವೇರಿಕೆ, ಕೊನೆಗಾಣುವುದು ಎಂಬ ಅರ್ಥವೂ ಇದೆ. ಹಾಡಾದ ಮೇಲೆ ಕಾಣಿಕೆಯಾಗಿ ಬಂದ ಅಡಿಗೆ, ಹಣ್ಣು, ಕೋಳಿಯ ಮಾಂಸವನ್ನು ಹರಸಿ ಪಾಲು ಮಾಡುತ್ತಾರೆ. ಈ ಪಾಲು ಸಮವಾಗಿರಬೇಕು. ಕಾಣಿಕೆ ತಂದ ಸಾಹುಕಾರನಿಗೂ ಬರಿಗೈಯಲ್ಲಿ ಬಂದವನಿಗೂ ಒಂದೇ ಅಳತೆ.

ಆ ತಂಬೂರ್ ವಾದ್ಯದ ದೊಡ್ಡ ಸಾಧಕರಲ್ಲಿ ಒಬ್ಬರು ನೂರ್ ಅಲಿ ಇಲಾಹಿ (1895-1974), ವೃತ್ತಿಯಲ್ಲಿ ನ್ಯಾಯಾಧೀಶರು. ಅವರ ವಾದ್ಯಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪ್ರದರ್ಶನಕ್ಕೆ ಇಟ್ಟದ್ದು 2014ರ ಆಗಸ್ಟಿನಲ್ಲಿ. ದೂರದ ನಗರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಂಬೂರಿಗೆ ದೀಪ ಹಚ್ಚಿದ ಅದೇ ತಿಂಗಳು, ನಿನೆವೆ ಬಯಲಿನಲ್ಲಿ ಅದನ್ನು ನುಡಿಸುವವರು ಮನೆಗೆ ಬೀಗ ಹಾಕಿ ಓಡುತ್ತಿದ್ದರು.

3. ನಾವು ಹೇಳುವುದು

ಭಿನ್ನಾಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಗೌರವದ ದಾರಿ. ಯಾರ್ಸಾನರ ಪ್ರಕಾರ ಆತ್ಮ ಉಡುಪು ಬದಲಿಸಿದಂತೆ ದೇಹ ಬದಲಿಸುತ್ತಾ 1001 ಜನ್ಮಗಳನ್ನು ದಾಟಿ ಶುದ್ಧವಾಗುತ್ತದೆ. ನಾವು ಹಾಗೆ ನಂಬುವುದಿಲ್ಲ. ಮನುಷ್ಯನಿಗೆ ಸಾವು ಒಂದೇ ಸಲ, ಆಮೇಲೆ ನ್ಯಾಯತೀರ್ಪು ಎಂದು ಹಿಬ್ರಿಯರಿಗೆ ಬರೆದ ಪತ್ರ (9:27) ಕಲಿಸುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (1013) ಪುನರ್ಜನ್ಮವಿಲ್ಲವೆಂದು ಸ್ಪಷ್ಟಪಡಿಸುತ್ತದೆ. ಈ ದೇಹವೇ ಪುನರುತ್ಥಾನಕ್ಕೆ ಕರೆಯಲ್ಪಟ್ಟ ದೇಹ. ಅಜ್ಜಿಯ ಮುಖ ಮುಂದೊಂದು ದಿನ ಅಜ್ಜಿಯ ಮುಖವಾಗಿಯೇ ಸಿಗುತ್ತದೆ ಎಂಬುದು ನಮ್ಮ ಭರವಸೆ. ಹಾಗೆಯೇ ದೇವರು ಯುಗಕ್ಕೊಮ್ಮೆ ಒಬ್ಬೊಬ್ಬರಾಗಿ ತೋರುತ್ತಾನೆ ಎಂದು ನಾವು ಹೇಳುವುದಿಲ್ಲ. ವಾರ್ತೆಯಾದಾತ ಒಂದೇ ಸಲ, ಮಾತೆ ಮರಿಯಳ ಗರ್ಭದಲ್ಲಿ ಮನುಷ್ಯನಾದನು, ಶಿಲುಬೆಯ ಮೇಲೆ ಸತ್ತನು, ಮೂರನೆಯ ದಿನ ಎದ್ದನು. ಇನ್ನೊಬ್ಬನಿಗಾಗಿ ನಾವು ಕಾಯುತ್ತಿಲ್ಲ. ಆತನ ಪುನರಾಗಮನಕ್ಕಾಗಿ ಕಾಯುತ್ತಿದ್ದೇವೆ. ಇಲ್ಲಿ ರಾಜಿಯಿಲ್ಲ.

ಆದರೆ ಪಾಠ ಇಲ್ಲಿಗೇ ಮುಗಿದರೆ ನಾವು ಅವರಿಂದ ಏನೂ ಕೇಳಿಸಿಕೊಂಡಂತಾಗಲಿಲ್ಲ. ಪ್ರೇಷಿತರ ಕಾರ್ಯಕಲಾಪಗಳು 10ನೇ ಅಧ್ಯಾಯದಲ್ಲಿ ಪೇತ್ರನು ಕೊರ್ನೇಲಿಯನ ಹೊಸಿಲು ದಾಟಿದ ಮೇಲೆಯೇ, ದೇವರು ಪಕ್ಷಪಾತಿಯಲ್ಲ ಎಂಬುದು ಅವನಿಗೆ ಮನವರಿಕೆಯಾಯಿತು. ಸುಲ್ತಾನ್ ಸಹಾಕರ ಜನರ ಹೊಸಿಲು ದಾಟಿದಾಗ ಮೂರು ವಿಷಯ ನಮ್ಮನ್ನು ಚುಚ್ಚುತ್ತವೆ.

ಒಂದು, ನೀಸ್ತಿ. ಫಿಲಿಪ್ಪಿಯರಿಗೆ ಬರೆದ ಪತ್ರದ 2ನೇ ಅಧ್ಯಾಯವನ್ನು ಗರಿ ಭಾನುವಾರ ಪ್ರತಿವರ್ಷ ಕೇಳುತ್ತೇವೆ: ಕ್ರಿಸ್ತನು ತನ್ನನ್ನೇ ಬರಿದುಮಾಡಿಕೊಂಡು ದಾಸನಾದನು. ನಮಗೆ ಬರಿದಾಗುವುದು ಬರಿಯ ಸಾಧನೆಯಲ್ಲ, ಅದು ಒಬ್ಬ ವ್ಯಕ್ತಿಯ ಮುಖ. ಅಷ್ಟು ದೊಡ್ಡದನ್ನು ಪಡೆದ ನಾವು, ಬ್ಯಾನರಿನಲ್ಲಿ ನಮ್ಮ ಸಂಘದ ಹೆಸರು ಯಾವ ಸಾಲಿನಲ್ಲಿ ಬಂತು ಎಂಬುದಕ್ಕೆ ಮುನಿಸಿಕೊಳ್ಳುತ್ತೇವೆ.

ಎರಡು, ಸಮಪಾಲು. ಕೊರಿಂಥದ ಸಭೆಯಲ್ಲಿ ಕೆಲವರು ಉಂಡು ತೇಗುವಾಗ ಕೆಲವರು ಹಸಿದಿರುತ್ತಿದ್ದರು. ಅದು ಪ್ರಭುವಿನ ಭೋಜನವೇ ಅಲ್ಲ ಎಂದು ಸಂತ ಪೌಲ ಗದರಿದನು. ನಮ್ಮಲ್ಲಿ ಯಾರೂ ಹಸಿದಿಲ್ಲ ಎಂದು ಸಮಾಧಾನಪಡಬೇಡಿ. ಧರ್ಮಕೇಂದ್ರದ ಹಬ್ಬದ ಊಟದಲ್ಲಿ ಏನಾಗುತ್ತದೆ ನೋಡಿ. ಮರಾಠಿಯವರು ಮಂಟಪದ ಬಳಿ, ತಮಿಳಿನವರು ಬಾವಿಯ ಕಡೆ, ಕೊಂಕಣಿಯವರು ಮೆಟ್ಟಿಲ ಮೇಲೆ, ಕನ್ನಡದವರಾದ ನಾವು ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ. ಹೋದ ವರ್ಷ ಬಡಿಸುವ ಸರದಿ ನಮ್ಮ ಯುವಕರದಾಗಿತ್ತು. ಸಿಹಿಯ ಪಾತ್ರೆ ಮೊದಲು ನಮ್ಮವರ ಪಂಕ್ತಿಗೆ ಹೋಯಿತು, ಕೊನೆಯ ಪಂಕ್ತಿಗೆ ಬರುವಷ್ಟರಲ್ಲಿ ತಳ ಕಂಡಿತು. ಕೊನೆಯಲ್ಲಿ ಕುಳಿತಿದ್ದವರು ಕೆಲಸಕ್ಕಾಗಿ ಹೊಸದಾಗಿ ಬಂದ, ನಮ್ಮ ಯಾವ ಭಾಷೆಯೂ ಬಾರದ ಒಂದು ಕುಟುಂಬ. ಅವರು ಏನೂ ಅನ್ನಲಿಲ್ಲ. ತಪ್ಪು ನಮ್ಮದೇ, ಪಾತ್ರೆ ಹಿಡಿದ ಕೈ ನಮ್ಮದೇ. ಬೆಳಿಗ್ಗೆ ಒಂದೇ ರೊಟ್ಟಿಯಿಂದ ಪರಮಪ್ರಸಾದ ಸ್ವೀಕರಿಸಿದವರು ಮಧ್ಯಾಹ್ನ ಹೀಗೆ ಬಡಿಸಿದೆವು. ಯಾವ ಜಮ್‌ನಲ್ಲೂ ಒಪ್ಪದ ಕೆಲಸವಿದು.

ಮೂರು, ಭಾಷೆ. ಕಲಾಮುಗಳು ಗೂರಾನಿ ಎಂಬ ಭಾಷೆಯಲ್ಲಿವೆ. ಒಂದು ಕಾಲಕ್ಕೆ ಅದು ಆ ಸೀಮೆಯ ಕವಿಗಳ ಭಾಷೆ. ಈಗ ಭಕ್ತರಲ್ಲಿ ಬಹುಪಾಲು ಜನ ಮನೆಯಲ್ಲಿ ಬೇರೆ ಕುರ್ದಿ ನುಡಿಗಳನ್ನೋ ತುರ್ಕಿ ನುಡಿಯನ್ನೋ ಆಡುತ್ತಾರೆ, ಶಾಲೆಯಲ್ಲಿ ಪಾರಸಿ ಇಲ್ಲವೆ ಅರಬಿ ಓದುತ್ತಾರೆ. ಆದರೂ ಜಮ್ ಕೂಡಿದಾಗ ಗೂರಾನಿಯಲ್ಲೇ ಹಾಡುತ್ತಾರೆ. ತಲೆಮಾರುಗಳ ಕಾಲ ಅವು ಉಳಿದದ್ದು ಹಾಡುವವರ ಬಾಯಲ್ಲಿ, ಕೈಬರಹದ ಪುಸ್ತಕಗಳಲ್ಲಿ. ಇದನ್ನು ಓದಿ ನಾವು ನಮ್ಮ ತಿಂಗಳಿಗೊಂದು ಕನ್ನಡ ಪೂಜೆಯನ್ನು ನೆನೆದೆವು. ನಮ್ಮ ಗಾಯನವೃಂದದಲ್ಲಿ ಅರ್ಧದಷ್ಟು ಹುಡುಗ ಹುಡುಗಿಯರು ಮರಾಠಿ ಮಾಧ್ಯಮದವರು. ಕನ್ನಡ ಗೀತೆಗಳನ್ನು ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ಹಾಗೆ ಹಾಡುವುದು ಅವಮಾನವಲ್ಲ, ಹಾಡುತ್ತಿದ್ದಾರಲ್ಲ ಎಂದು ಸಂತೋಷಪಡಬೇಕು. ಆದರೆ ಪ್ರಾರ್ಥನೆ ಉಳಿಯುವುದು ಪುಸ್ತಕ ಕಪಾಟಿನಲ್ಲಿ ಇರುವುದರಿಂದಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟುವುದರಿಂದ. ಜಪಸರದ ರಹಸ್ಯಗಳನ್ನು ಕನ್ನಡದಲ್ಲಿ ಪೂರ್ತಿ ಬಲ್ಲ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕಲಿಯಬೇಕು. ಹಾಗೆಂದು ಕನ್ನಡವನ್ನು ಗೋಡೆ ಮಾಡಿಕೊಂಡು ಅದರ ಹಿಂದೆ ಕೂರಬಾರದು. ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮರು ಎಲ್ಲ ಭಾಷೆಗಳನ್ನೂ ಉಳಿಸಿಕೊಂಡೇ ಜನರನ್ನು ಒಂದಾಗಿಸಿದರು. ಭಕ್ತಿಯ ಗೋಡೆ ಎದುರಿನವನ ಕಡೆಗೆ ನಡೆದುಹೋಗುವ ಗೋಡೆಯಾಗಿರಲಿ.

ಚರ್ಚೆಗೆ ಪ್ರಶ್ನೆಗಳು

1. ಬೇರೆ ಧರ್ಮದವರ ಕಥೆಯನ್ನು ಕೇಳುವಾಗ ನಮಗೆ ಮೊದಲು ಬರುವುದು ನಗುವೇ, ಭಯವೇ, ಕುತೂಹಲವೇ? ಯಾಕೆ?
2. "ಎಲ್ಲ ಧರ್ಮವೂ ಒಂದೇ" ಎನ್ನುವ ಗೆಳೆಯನಿಗೆ, ಅವನ ಮನಸ್ಸು ನೋಯಿಸದೆ ಕ್ರಿಸ್ತನ ಬಗ್ಗೆ ಏನು ಹೇಳುವಿರಿ?
3. ಕಾಲೇಜಿನಲ್ಲಿ, ಕೆಲಸದಲ್ಲಿ ನಿಮ್ಮ ವಿಶ್ವಾಸವನ್ನು ಮುಚ್ಚಿಟ್ಟ ಸಂದರ್ಭವಿದೆಯೇ?
4. ನಮ್ಮ ಧರ್ಮಕೇಂದ್ರದಲ್ಲಿ ಯಾರ ಪಾಲು ಯಾವಾಗಲೂ ಕೊನೆಗೆ ಬರುತ್ತದೆ?

ಈ ತಿಂಗಳ ಸಂಕಲ್ಪ

ಈ ವರ್ಷದ ಹಬ್ಬದ ಊಟಕ್ಕೆ ಭಾಷೆಗೊಂದು ಮೂಲೆ ಬೇಡ, ಒಂದೇ ಪಂಕ್ತಿ ಇರಲಿ ಎಂದು ಫಾದರ್ ಅವರಲ್ಲೂ ಧರ್ಮಕೇಂದ್ರ ಪಾಲನಾ ಸಮಿತಿಯಲ್ಲೂ ಕೇಳಿಕೊಳ್ಳಲು ಯುವಜನರು ತೀರ್ಮಾನಿಸಿದ್ದೇವೆ. ಸಿಹಿಯ ಪಾತ್ರೆ ಕೊನೆಯ ಎಲೆಯಿಂದ ಹೊರಡುತ್ತದೆ. ಮನೆಯಲ್ಲಿ ಕನ್ನಡ ಓದಲು ಬಾರದ ಮಕ್ಕಳಿದ್ದರೆ ಈ ಪಾಠವನ್ನು ದಯವಿಟ್ಟು ಗಟ್ಟಿಯಾಗಿ ಓದಿ ಹೇಳಿ.

ಪ್ರಾರ್ಥನೆ

ಸರ್ವರ ತಂದೆಯೇ, ನಿನೆವೆಯ ಬಯಲಿನಲ್ಲಿ ನಮ್ಮ ಸಹೋದರ ಕ್ರೈಸ್ತರೊಂದಿಗೆ ಮನೆ ಕಳೆದುಕೊಂಡ ಕಾಕಾಯಿ ಕುಟುಂಬಗಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ತಮ್ಮ ನಂಬಿಕೆಯ ಹೆಸರು ಹೇಳಲು ಹೆದರುವ ಎಲ್ಲರಿಗೂ ಧೈರ್ಯವನ್ನೂ ನೆಮ್ಮದಿಯನ್ನೂ ಕೊಡಿ. ಹೆದರದೆ ಹೇಳಬಹುದಾದ ನಮಗೆ, ಹೇಳಿದಂತೆ ಬಾಳುವ ನೇರತನ ಕೊಡಿ. ನಿಮ್ಮ ಪುತ್ರ ಯೇಸು ತಮ್ಮನ್ನು ಬರಿದುಮಾಡಿಕೊಂಡಂತೆ ನಮ್ಮೊಳಗಿನ ದೊಡ್ಡಸ್ತಿಕೆಯನ್ನು ಬರಿದುಮಾಡಿ, ನಿಮ್ಮ ಮೇಜಿನಿಂದ ಎದ್ದ ನಾವು ಯಾರ ಪಾಲನ್ನೂ ಕಡಿಮೆ ಮಾಡದಂತೆ ಕಾಪಾಡಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.